ವಶೀಲಿಯಲ್ಲದ ಮಧ್ಯಸ್ಥಿಕೆ: ಬೈಬಲಿನ ಪರಾರ್ಥ ಪ್ರಾರ್ಥನೆಯನ್ನು ಬೀದರ ಸೀಮೆಯಿಂದ ಓದುವ ಯತ್ನ

ಹಳ್ಳಿಯ ಕ್ರೈಸ್ತ ಸಭೆಯ ಆರಾಧನೆಯಲ್ಲಿ ಎಲ್ಲಕ್ಕಿಂತ ಜೀವಂತವಾದ ಹೊತ್ತು ಯಾವುದು? ನನ್ನ ಮಟ್ಟಿಗೆ ಅದು ಪ್ರಸಂಗದ ಹೊತ್ತಲ್ಲ, ಪ್ರಾರ್ಥನೆಯ ವಿಷಯಗಳನ್ನು ಹೇಳಿಕೊಳ್ಳುವ ಹೊತ್ತು. ಬೀದರ ತಾಲ್ಲೂಕಿನ ಮನ್ನಳ್ಳಿ ಹೋಬಳಿಯಲ್ಲಾಗಲಿ, ಭಾಲ್ಕಿ, ಔರಾದ ಕಡೆಯಲ್ಲಾಗಲಿ, ಜನ ಕೂತಲ್ಲಿಂದಲೇ ಎದ್ದು ಹೆಸರು ಹೇಳುತ್ತಾರೆ: ದವಾಖಾನೆಯಲ್ಲಿ ಮಲಗಿರುವ ಅತ್ತೆ, ದುಡಿಯಲು ಹೈದರಾಬಾದಿಗೆ ಹೋದ ಮಗ, ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು, ಕೋರ್ಟಿನಲ್ಲಿ ಕೊಳೆಯುತ್ತಿರುವ ಹೊಲದ ತಕರಾರು. ಆಮೇಲೆ ಒಬ್ಬರು ಗಟ್ಟಿಯಾಗಿಯೂ ಉಳಿದವರು ತಂತಮ್ಮ ದನಿಯಲ್ಲಿಯೂ ಅವರಿಗಾಗಿ ಬೇಡುತ್ತಾರೆ. ಕ್ರೈಸ್ತರಲ್ಲದ ನೆರೆಯವರೂ ಕಾಯಿಲೆ ಬಿದ್ದಾಗ ‘ನಮಗೂ ಒಂದಿಷ್ಟು ಪ್ರಾರ್ಥನಾ ಮಾಡ್ರಿ’ ಎಂದು ಕೇಳುವುದುಂಟು.

ಈ ಕೋರಿಕೆಯ ಬೆನ್ನಿಗೆ ಒಂದು ತರ್ಕ ಬಹಳ ಸಲೀಸಾಗಿ ಬಂದು ನಿಲ್ಲುತ್ತದೆ. ಪಾಸ್ಟರು ದೇವರಿಗೆ ನಮಗಿಂತ ಹತ್ತಿರದವರು, ನಮ್ಮ ಮಾತು ಮುಟ್ಟದ ಕಡೆ ಅವರ ಮಾತು ಮುಟ್ಟುತ್ತದೆ, ಆದ್ದರಿಂದ ಅವರಿಂದ ಹೇಳಿಸಬೇಕು. ತಹಸೀಲು ಕಚೇರಿಯಲ್ಲಿ ಕೆಲಸ ಆಗಬೇಕಾದರೆ ವಶೀಲಿ ಬೇಕೆಂದು ಬಲ್ಲ ಜನಕ್ಕೆ ಈ ತರ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬೈಬಲು ಈ ತರ್ಕವನ್ನು ಒಪ್ಪುತ್ತದೆಯೆ ಎಂಬುದು ಈ ಲೇಖನದ ಪ್ರಶ್ನೆ. ಒಪ್ಪುವುದಿಲ್ಲ ಎಂಬುದು ನನ್ನ ವಾದ. ಇನ್ನೊಬ್ಬರಿಗಾಗಿ ಬೇಡುವವನ ಮಾತಿಗೆ ತೂಕ ಬರುವುದು ಅವನ ಸ್ಥಾನದಿಂದಲ್ಲ, ಯಾರಿಗಾಗಿ ಬೇಡುತ್ತಾನೋ ಅವರ ಪಾಡಿಗೆ ತನ್ನನ್ನು ಕಟ್ಟಿಕೊಳ್ಳುವುದರಿಂದ ಎಂದು ಹಳೆಯ ಮತ್ತು ಹೊಸ ಒಡಂಬಡಿಕೆಗಳ ಮುಖ್ಯ ಪಾಠಗಳು ತೋರಿಸುತ್ತವೆ. ವಶೀಲಿಯ ಪರ ಎಂದು ಸಾಮಾನ್ಯವಾಗಿ ಎತ್ತಿ ಹೇಳುವ ಭಾಗಗಳನ್ನೇ ಹತ್ತಿರದಿಂದ ನೋಡಿದರೆ ಅವು ಅದರ ಬುಡವನ್ನೇ ಅಲುಗಿಸುತ್ತವೆ.

ಓದುವ ನೆಲ

ಗ್ರಂಥವನ್ನು ಎಲ್ಲಿ ಕೂತು ಓದುತ್ತೇವೆ ಎಂಬುದಕ್ಕೆ ಬೆಲೆಯಿದೆ. ಬೀದರ ಸೀಮೆಯಲ್ಲಿ ಮಧ್ಯಸ್ಥಿಕೆಯ ಬಗ್ಗೆ ಬೈಬಲು ಬರುವ ಮೊದಲೇ ದೊಡ್ಡ ಮಾತುಗಳು ಆಡಿ ಆಗಿದ್ದವು.

ಮೊದಲನೆಯದು ಕಲ್ಯಾಣದ ಮಾತು. ತನ್ನ ಊಟವನ್ನು, ತನ್ನ ದಾಂಪತ್ಯದ ಸುಖವನ್ನು ಬೇರೊಬ್ಬರಿಂದ ಮಾಡಿಸಲಾಗದು, ಹಾಗೆಯೇ ಲಿಂಗಪೂಜೆಯನ್ನೂ ತಾನೇ ಮಾಡಬೇಕು ಎಂಬುದು ಬಸವಣ್ಣನವರ ಪ್ರಸಿದ್ಧ ವಚನವೊಂದರ ವಾದ. ಹನ್ನೆರಡನೆಯ ಶತಮಾನದಲ್ಲಿ ಪುರೋಹಿತಶಾಹಿಯ ಮೇಲೆ ಬಿದ್ದ ಈ ಏಟು ಇಂದಿನ ಬಸವಕಲ್ಯಾಣದ ನೆಲದಿಂದಲೇ ಎದ್ದದ್ದು. ಭಕ್ತಿಯನ್ನು ಗುತ್ತಿಗೆಗೆ ಕೊಡಲಾಗದು ಎಂಬ ಈ ನಿಲುವಿನ ಮುಂದೆ ‘ನನಗಾಗಿ ನೀನು ಬೇಡು’ ಎಂಬ ಕ್ರೈಸ್ತ ರೂಢಿ ಉತ್ತರ ಕೊಡಲೇಬೇಕಾಗುತ್ತದೆ. ಪಾಶ್ಚಾತ್ಯ ವ್ಯಾಖ್ಯಾನಗಳಲ್ಲಿ ಈ ಪ್ರಶ್ನೆ ಇಷ್ಟು ಹರಿತವಾಗಿ ಏಳುವುದಿಲ್ಲ. ನಮ್ಮಲ್ಲಿ ಎದ್ದಿದೆ, ಅದು ನಮ್ಮ ಓದಿಗೆ ಲಾಭವೇ.

ಎರಡನೆಯದು ಬೀದರ ಊರ ಪಕ್ಕದ ಅಷ್ಟೂರಿನದು. ಬಹಮನಿ ಸುಲ್ತಾನ ಅಹ್ಮದ್ ಶಾಹನ ಕಾಲದಲ್ಲಿ ಬರ ಬಿದ್ದಿತು, ಅವನು ಎತ್ತರದ ಜಾಗವೊಂದನ್ನು ಹತ್ತಿ ಮಳೆಗಾಗಿ ಬೇಡಿದ, ಮಳೆ ಬಂತು, ಪ್ರಜೆಗಳು ಅವನನ್ನು ‘ವಲಿ’ (ಸಂತ) ಎಂದರು ಎಂದು ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. 1436ರಲ್ಲಿ ತೀರಿಕೊಂಡ ಆ ಅರಸನ ಅಷ್ಟೂರಿನ ಗೋರಿಯಲ್ಲಿ ಇಂದಿಗೂ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಅದರಲ್ಲಿ ಪಾಲುಗೊಳ್ಳುತ್ತಾರೆ, ಹಿಂದೂ ಮುಸಲ್ಮಾನರಿಬ್ಬರೂ ಹರಕೆ ಹೊರುತ್ತಾರೆ. ಪ್ರಜೆಗಳಿಗಾಗಿ ಬೇಡಿದ ದೊರೆ ತಾನೇ ಬೇಡಿಕೆಗಳನ್ನು ಸ್ವೀಕರಿಸುವ ಸಂತನಾದ. ಮಧ್ಯಸ್ಥಿಕೆಯು ಮನುಷ್ಯನನ್ನು ಮೇಲಕ್ಕೆತ್ತುವ ಒಂದು ದಾರಿ ಇದು. ಯಾಕೋಬನ ಪತ್ರಕ್ಕೆ ಬಂದಾಗ ಈ ಮಳೆಯ ಕಥೆ ಮತ್ತೆ ಬೇಕಾಗುತ್ತದೆ.

ಮೂರನೆಯದು ನಿಜಾಮರ ಕಾಲದ ಅನುಭವ. 1948ರ ಸೆಪ್ಟೆಂಬರವರೆಗೆ ಈ ಸೀಮೆಯ ಆಡಳಿತ ಉರ್ದುವಿನಲ್ಲಿ ನಡೆಯಿತು. ಓದುಬರಹ ಇಲ್ಲದ ಕೂಲಿಕಾರನ ಫರಿಯಾದು ಮೇಲಕ್ಕೆ ಹೋಗಬೇಕಾದರೆ ಅರ್ಜಿ ಬರೆಯುವವನು ಬೇಕು, ಪಟೇಲನೋ ಪಟವಾರಿಯೋ ಒಂದು ಮಾತು ಹೇಳಬೇಕು. ಈ ಜನರಲ್ಲೇ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ ಕೆಲಸ ಮಾಡಿತು. ವಿಲಿಯಂ ಟೇಲರ್ 1870ರಲ್ಲಿ ಭಾರತಕ್ಕೆ ಬಂದ ಮೇಲೆ ದಕ್ಷಿಣದಲ್ಲಿ ಹರಡಿದ ಮೆಥಡಿಸ್ಟ್ ಚಳವಳಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೀದರಿಗೂ ತಲುಪಿತ್ತು. ಮಂಗಲಪೇಟೆಯ ಚರ್ಚು, ಶಾಲೆ, ಮಿಷನ್ ದವಾಖಾನೆ ಆ ಕಾಲದ ಗುರುತುಗಳು. ಹಳ್ಳಿಗಳಲ್ಲಿ ಸಭೆ ಸೇರಿದವರು ಬಹುಪಾಲು ದಲಿತರು. ಪಕ್ಕದ ಮೆದಕ ಸೀಮೆಯ ಬ್ರಿಟಿಷ್ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು. ಬೀದರಿನ ಮೆಥಡಿಸ್ಟರು ಕೂಡಲಿಲ್ಲ, ಅವರ ಸಭೆ 1981ರಲ್ಲಿ ‘ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂದು ಸ್ವಾಯತ್ತವಾಯಿತು. ಕಥೋಲಿಕರಿಗೆ ಬೀದರನ್ನೊಳಗೊಂಡ ಗುಲಬರ್ಗಾ ಧರ್ಮಪ್ರಾಂತ್ಯ 2005ರಲ್ಲಿ ಆಯಿತು.

ಮಧ್ಯಸ್ಥಿಕೆ ಎಂದರೆ ಈ ಜನಕ್ಕೆ ಎಂದೂ ಬೇರೆಯವರ ಕೈಯಲ್ಲಿದ್ದ ಬಲ. ಸಭೆಯಲ್ಲಿ ಅವರೇ ಎದ್ದು ಇನ್ನೊಬ್ಬರಿಗಾಗಿ ಬೇಡತೊಡಗಿದರು. ಈ ಬದಲಾವಣೆಯ ತೂಕ ಮಿಷನ್ ಚರಿತ್ರೆಗಳಲ್ಲಿ ಸಾಕಷ್ಟು ದಾಖಲಾಗಿಲ್ಲ.

ಅಬ್ರಹಾಮ: ಎರಡು ಪ್ರಾರ್ಥನೆ

ಮೋಶೆ ಗ್ರೀನ್‌ಬರ್ಗ್ 1983ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕವೊಂದು ಹೀಬ್ರೂ ಬೈಬಲಿನ ಗದ್ಯ ಪ್ರಾರ್ಥನೆಗಳ ಅಧ್ಯಯನದ ದಿಕ್ಕನ್ನೇ ತಿರುಗಿಸಿತು. ಕೀರ್ತನೆಗಳಂತೆ ದೇವಾಲಯದ ಪಠ್ಯಗಳಾಗದೆ, ಕಥೆಯ ನಡುವೆ ಸಾಮಾನ್ಯರು ಆಡುವ ಈ ಪ್ರಾರ್ಥನೆಗಳು ಮನುಷ್ಯ ಮನುಷ್ಯನನ್ನು ಬೇಡಿಕೊಳ್ಳುವ ಮಾತಿನ ಅಚ್ಚಿನಲ್ಲೇ ಇವೆ ಎಂದು ಅವರು ತೋರಿಸಿದರು: ಮೊದಲು ಕರೆ, ಆಮೇಲೆ ಕೋರಿಕೆ, ಜೊತೆಗೆ ಅದನ್ನು ನಡೆಸಿಕೊಡಲು ಒಂದು ಕಾರಣ. ಯಾಜಕನ ತರಬೇತಿ ಬೇಕಿಲ್ಲ, ಮಾತು ಬಲ್ಲವನು ಪ್ರಾರ್ಥಿಸಬಲ್ಲ. ಅರ್ಜಿಯ ಅಚ್ಚು ಬೈಬಲಿನಲ್ಲಿದೆ ಎಂದಾಯಿತು. ಹಾಗಾದರೆ ಅರ್ಜಿ ಹಿಡಿದು ನಿಂತವನು ಯಾರು?

ಆದಿಕಾಂಡ 18ರಲ್ಲಿ ಅಬ್ರಹಾಮ ಸೊದೋಮಿಗಾಗಿ ಚೌಕಾಸಿ ಮಾಡುತ್ತಾನೆ. ಐವತ್ತು ಮಂದಿ ನೀತಿವಂತರಿಂದ ಶುರುವಾಗಿ ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು, ಹತ್ತಕ್ಕೆ ಬಂದು ನಿಲ್ಲುತ್ತದೆ. ಆರು ಸಲ ಕೇಳಿದ, ಆರು ಸಲವೂ ಒಪ್ಪಿಗೆ ಸಿಕ್ಕಿತು. ಹೀಗೆ ವಾದಿಸುವವನು ತನ್ನನ್ನು ಧೂಳಿಗೂ ಬೂದಿಗೂ ಸಮ ಎನ್ನುತ್ತಾನೆ, ಆದರೆ ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯ ತಪ್ಪಬಾರದು ಎಂದು ಮುಖಕ್ಕೆ ಹೇಳಲು ಅಂಜುವುದಿಲ್ಲ. ಸೊದೋಮಿನಲ್ಲಿ ಅವನ ತಮ್ಮನ ಮಗ ಲೋಟನಿದ್ದಾನೆ. ಅವನ ಹೆಸರನ್ನು ಅಬ್ರಹಾಮ ಒಮ್ಮೆಯೂ ಎತ್ತುವುದಿಲ್ಲ, ಇಡೀ ಊರನ್ನು ಕೇಳುತ್ತಾನೆ. ಊರು ಉಳಿಯಲಿಲ್ಲ. ಆದರೂ ದೇವರು ಅಬ್ರಹಾಮನನ್ನು ನೆನೆದು ಲೋಟನನ್ನು ಹೊರಗೆ ಕಳಿಸಿದನೆಂದು 19:29 ಹೇಳುತ್ತದೆ. ಇಲ್ಲೊಂದು ಪಾಠಭೇದದ ಸಂಗತಿಯೂ ಇದೆ. 18:22ರಲ್ಲಿ ಅಬ್ರಹಾಮನು ಯೆಹೋವನ ಮುಂದೆ ನಿಂತಿದ್ದನೆಂದು ಈಗ ಓದುತ್ತೇವೆ. ಮೂಲದಲ್ಲಿ ಯೆಹೋವನೇ ಅಬ್ರಹಾಮನ ಮುಂದೆ ನಿಂತಿದ್ದ, ಗೌರವಕ್ಕೆ ಕುಂದೆಂದು ಲಿಪಿಕಾರರು ತಿದ್ದಿದರು ಎಂದು ಯೆಹೂದಿ ಪರಂಪರೆಯೇ ಪಟ್ಟಿ ಮಾಡಿ ಇಟ್ಟಿದೆ. ಕಚೇರಿಯ ದೊರೆ ಫರಿಯಾದಿಯ ಮುಂದೆ ಕಾದು ನಿಲ್ಲುವ ಆ ಹಳೆಯ ಪಾಠವೇ ಕಥೆಯ ಒಳಗುಟ್ಟಿಗೆ ಹತ್ತಿರ ಎಂದು ನನಗನ್ನಿಸುತ್ತದೆ.

ವಶೀಲಿಯ ಪರ ವಾದಿಸುವವರು 18ಕ್ಕಿಂತ 20ನೆಯ ಅಧ್ಯಾಯವನ್ನು ಹೆಚ್ಚು ಇಷ್ಟಪಡುತ್ತಾರೆ. ಅಬ್ರಹಾಮ ಪ್ರವಾದಿ, ಅವನು ಪ್ರಾರ್ಥಿಸಿದರೆ ನೀನು ಬದುಕುವೆ ಎಂದು ದೇವರು ಗೆರಾರಿನ ಅರಸ ಅಬೀಮೆಲೆಕನಿಗೆ ಕನಸಿನಲ್ಲಿ ಹೇಳುತ್ತಾನೆ. ಬೈಬಲಿನಲ್ಲಿ ಪ್ರವಾದಿ ಎಂಬ ಹೆಸರು ಮೊದಲು ಬರುವುದೂ ಇಲ್ಲೇ. ದೇವರ ಆಪ್ತನ ಕೈಯಲ್ಲಿ ಬಲವಿದೆ ಎಂಬುದಕ್ಕೆ ಇನ್ನೇನು ಬೇಕು? ಆದರೆ ತಪ್ಪು ಮಾಡಿದವನಾರು ಎಂದು ನೋಡಬೇಕು. ಹೆಂಡತಿಯನ್ನು ತಂಗಿಯೆಂದು ಹೇಳಿ ಅರಸನನ್ನು ಸಿಕ್ಕಿಸಿದವನು ಅಬ್ರಹಾಮ. ಅರಸ ನಿರ್ದೋಷಿ, ಅದನ್ನು ದೇವರೇ ಒಪ್ಪುತ್ತಾನೆ. ಅಂದರೆ ತಪ್ಪಿತಸ್ಥನೇ ತನ್ನಿಂದ ಕೆಟ್ಟವನಿಗಾಗಿ ಬೇಡಬೇಕಾಗಿ ಬಂತು. ಇನ್ನೊಂದು ಸಂಗತಿ: ಸಾರಳ ಮಡಿಲು ಬರಿದಾಗಿರುವಾಗ ಅಬ್ರಹಾಮ ಪರರ ಮನೆಯ ಹೆಂಗಸರ ಬಂಜೆತನ ನೀಗಲೆಂದು ಬೇಡುತ್ತಾನೆ. ಅದು ನೀಗುತ್ತದೆ, ಮರು ಅಧ್ಯಾಯದಲ್ಲೇ ಸಾರಳೂ ಹೆರುತ್ತಾಳೆ. ತನಗೂ ಬೇಕಾದದ್ದನ್ನು ನೆರೆಯವನಿಗಾಗಿ ಬೇಡಿದವನಿಗೆ ಮೊದಲು ಉತ್ತರ ಸಿಗುತ್ತದೆ ಎಂದು ಬಾಬೆಲ್ ತಾಲ್ಮುದಿನ ಬಾವಾ ಕಮ್ಮಾ ಭಾಗ ಇದೇ ಕಥೆಯಿಂದ ಹೇಳುತ್ತದೆ, ಜೊತೆಗೆ ಯೋಬನನ್ನೂ ನೆನೆಯುತ್ತದೆ.

ಯೋಬನ ಕಥೆಯ ಕೊನೆಯ ದೃಶ್ಯಕ್ಕೂ ಇದೇ ತಿರುವು. ಮೂವರು ಗೆಳೆಯರು ಏಳು ಹೋರಿ, ಏಳು ಟಗರು ತರಬೇಕು, ಯೋಬ ಅವರಿಗಾಗಿ ಬೇಡಬೇಕು. ಅವನ ಕಷ್ಟಕ್ಕೆ ಅವನ ಪಾಪವೇ ಕಾರಣ ಎಂದು ಅಧ್ಯಾಯಗಟ್ಟಲೆ ಚುಚ್ಚಿದವರು ಅವರು. ಯೋಬನ ಸಂಪತ್ತು ಮರಳುವುದು ಅವನು ಗೆಳೆಯರಿಗಾಗಿ ಬೇಡಿದಾಗ (42:10). ಬೇಡುವಾಗ ಅವನಿನ್ನೂ ಎಲ್ಲ ಕಳಕೊಂಡವನು. ಆ ಗೆಳೆಯರು ಬಲಿಪಶುಗಳನ್ನು ಹೊಡಕೊಂಡು ಬಂದು ನಿಲ್ಲುವುದು ಊರು ದೂರವಿಟ್ಟವನ ಮುಂದೆ. ಬೀದರಿನ ಕೇರಿಗಳಲ್ಲಿ ಈ ದೃಶ್ಯಕ್ಕೆ ವ್ಯಾಖ್ಯಾನಕಾರ ಬೇಕಿಲ್ಲ.

ಮೋಶೆ, ಮತ್ತು ಬಸವಣ್ಣನವರ ಆಕ್ಷೇಪ

ವಿಮೋಚನಕಾಂಡ 32 ಈ ವಿಷಯದ ಎದೆ. ಜನ ಬಂಗಾರದ ಕರು ಮಾಡಿಕೊಂಡಿದ್ದಾರೆ, ದೇವರಿಗೆ ಸಿಟ್ಟು ಬಂದಿದೆ. ನನ್ನನ್ನು ಬಿಡು, ಇವರನ್ನು ಮುಗಿಸಿ ನಿನ್ನಿಂದಲೇ ದೊಡ್ಡ ಜನಾಂಗ ಕಟ್ಟುತ್ತೇನೆ ಎಂಬುದು ಮೋಶೆಯ ಮುಂದಿಟ್ಟ ಮಾತಿನ ಸಾರ. ಬಿಡು ಎಂದು ಹೇಳಿದ್ದರಲ್ಲೇ ಬಿಡಬೇಡ ಎಂಬ ಸೂಚನೆಯಿದೆ, ಬಾಗಿಲು ತೆರೆದೇ ಇದೆ ಎಂದು ರಬ್ಬಿಗಳು ಓದಿದರು. ಮಾತಿನ ಜಾಣ್ಮೆಯೂ ಇದೆ. ದೇವರು ‘ನಿನ್ನ ಜನ, ನೀನು ಐಗುಪ್ತದಿಂದ ತಂದವರು’ ಎಂಬ ಧಾಟಿಯಲ್ಲಿ ಮಾತೆತ್ತಿದರೆ, ಮೋಶೆ ಅದನ್ನು ಹಾಗೇ ತಿರುಗಿಸಿ ನಿನ್ನ ಜನ, ನೀನು ತಂದವರು ಎನ್ನುತ್ತಾನೆ. ಅಬ್ರಹಾಮ, ಇಸಾಕ, ಇಸ್ರಾಯೇಲರಿಗೆ ಕೊಟ್ಟ ಮಾತನ್ನು ನೆನಪಿಸುತ್ತಾನೆ, ಐಗುಪ್ತದವರು ಏನೆಂದಾರು ಎಂದು ಕೇಳುತ್ತಾನೆ. ವಶೀಲಿಗಾರನಿಗೆ ಇದಕ್ಕಿಂತ ದೊಡ್ಡ ಲಾಭದ ಅವಕಾಶ ಸಿಗದು: ಕಕ್ಷಿದಾರರನ್ನು ಕೈಬಿಟ್ಟರೆ ಇಡೀ ಆಸ್ತಿ ಅವನದೇ. ಮೋಶೆ ಅದನ್ನು ಮುಟ್ಟುವುದಿಲ್ಲ.

ಮರುದಿನ ಅವನು ಇನ್ನೂ ಮುಂದೆ ಹೋಗುತ್ತಾನೆ. ಇವರನ್ನು ಕ್ಷಮಿಸು, ಇಲ್ಲವಾದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನು ಅಳಿಸು ಎಂಬ ಅರ್ಥದ ಬೇಡಿಕೆಯಿಡುತ್ತಾನೆ (32:32). ದೇವರ ಉತ್ತರ ಚಿಕ್ಕದು, ಕಟುವಾದದ್ದು: ಪಾಪ ಮಾಡಿದವನ ಹೆಸರನ್ನೇ ಅಳಿಸುತ್ತೇನೆ. ಪ್ರಸಂಗಗಳಲ್ಲಿ ಮೋಶೆಯ ತ್ಯಾಗವನ್ನು ಹೊಗಳಿ ಈ ಉತ್ತರವನ್ನು ದಾಟಿ ಹೋಗುವುದು ರೂಢಿ. ಆದರೆ ನಮ್ಮ ಪ್ರಶ್ನೆಗೆ ಈ ಉತ್ತರವೇ ಕೀಲಿ. ಒಬ್ಬನ ಹೊಣೆಯನ್ನು ಇನ್ನೊಬ್ಬನ ಖಾತೆಗೆ ಬರೆಯುವುದನ್ನು ದೇವರು ಇಲ್ಲಿ ಒಪ್ಪಲಿಲ್ಲ. ಒಪ್ಪಿದ್ದು ಬೇರೆಯದನ್ನು: ಜೊತೆಗಿರುವುದನ್ನು. ಮುಂದಿನ ಅಧ್ಯಾಯದಲ್ಲಿ ಮೋಶೆ ‘ನಾನು’ ಎಂಬುದನ್ನು ‘ನಾವು’ ಎಂಬುದರೊಳಗೆ ಸೇರಿಸಿ, ನೀನು ನಮ್ಮ ಸಂಗಡ ಬಾರದೆ ಇದ್ದರೆ ನಮ್ಮನ್ನು ಇಲ್ಲಿಂದ ಹೊರಡಿಸಲೇಬೇಡ ಎಂದು ಪಟ್ಟು ಹಿಡಿಯುತ್ತಾನೆ. ಆ ಬೇಡಿಕೆ ನಡೆಯುತ್ತದೆ.

ಕಲ್ಯಾಣದಿಂದ ಬರುವ ಆಕ್ಷೇಪಕ್ಕೆ ನನ್ನ ಉತ್ತರ ಇಲ್ಲಿಂದಲೇ. ನನ್ನ ಊಟ ನೀನು ಉಣ್ಣಲಾರೆ, ನಿಜ. ಮೋಶೆಯ ದೇವರೂ ಅದನ್ನೇ ಹೇಳಿದ. ಹಸಿದವನ ಪರವಾಗಿ ಉಣ್ಣುವುದು ಬೇರೆ, ಅವನಿಗೂ ಬಡಿಸಿ ಎಂದು ಪಂಕ್ತಿಯಲ್ಲಿ ನಿಂತು ಕೇಳುವುದು ಬೇರೆ. ಬೈಬಲಿನ ಪರಾರ್ಥ ಪ್ರಾರ್ಥನೆ ಎರಡನೆಯ ಬಗೆಯದು. ಭಕ್ತಿಯ ಬದಲಿ ವ್ಯವಸ್ಥೆಯನ್ನು ಬಸವಣ್ಣನವರಷ್ಟೇ ಖಂಡಿತವಾಗಿ ವಿಮೋಚನಕಾಂಡವೂ ತಳ್ಳಿಹಾಕುತ್ತದೆ. ಶಿಲುಬೆಯ ಬಲಿಯ ಸಿದ್ಧಾಂತದಲ್ಲಿ ‘ಬದಲಾಗಿ’ ಎಂಬುದಕ್ಕೆ ಬೇರೆ ಜಾಗವಿದೆ ಎಂದು ದೇವಶಾಸ್ತ್ರಿಗಳು ನೆನಪಿಸಿಯಾರು. ಅದು ಕ್ರಿಸ್ತನನ್ನು ಕುರಿತ ಸಿದ್ಧಾಂತ, ಹಳ್ಳಿಯ ಪಾಸ್ಟರಿಗೆ ಅನ್ವಯಿಸುವಂಥದಲ್ಲ.

ಅರಣ್ಯಕಾಂಡ 12 ಇದಕ್ಕೆ ಪೂರಕ. ತನ್ನ ವಿರುದ್ಧ ಮಾತಾಡಿ ತೊನ್ನು ಹತ್ತಿದ ಅಕ್ಕ ಮಿರ್ಯಾಮಳಿಗಾಗಿ ಮೋಶೆ ಬೇಡುತ್ತಾನೆ. ಹೀಬ್ರೂವಿನಲ್ಲಿ ಅದು ಕೇವಲ ಐದು ಪದ, ಬೈಬಲಿನ ಅತಿ ಚಿಕ್ಕ ಪ್ರಾರ್ಥನೆಗಳಲ್ಲಿ ಒಂದು. ರಾತ್ರಿಯಿಡೀ ಕೂಗಿದರೇ ದೇವರಿಗೆ ಕೇಳಿಸುವುದೆಂದು ನಂಬಿದವರು ಇದನ್ನೊಮ್ಮೆ ಗಮನಿಸಬಹುದು. ಆದರೂ ಮಿರ್ಯಾಮಳು ಏಳು ದಿನ ಪಾಳೆಯದ ಹೊರಗೆ ಇರಬೇಕಾಯಿತು. ಅವಳು ಒಳಗೆ ಬರುವ ತನಕ ಜನ ಪಯಣ ಮುಂದುವರಿಸಲಿಲ್ಲ. ಪ್ರಾರ್ಥನೆ ಅವಳ ಏಳು ದಿನಗಳನ್ನು ಅಳಿಸಲಿಲ್ಲ, ಇಡೀ ಪಾಳೆಯ ಅವಳಿಗಾಗಿ ಕಾದಿತು.

ಪ್ರವಾದಿಗಳ ಗ್ರಂಥಗಳನ್ನು ಇಲ್ಲಿ ಬೇಗ ದಾಟುತ್ತೇನೆ. ಆಮೋಸನು ಎರಡು ದರ್ಶನಗಳಲ್ಲಿ ತಡೆಯುತ್ತಾನೆ, ಮೂರನೆಯದರಲ್ಲಿ ಸುಮ್ಮನಾಗುತ್ತಾನೆ. ಯೆರೆಮೀಯನಿಗೆ ಈ ಜನಕ್ಕಾಗಿ ಬೇಡಬೇಡ ಎಂದು ಮೂರು ಸಲ ಅಪ್ಪಣೆಯಾಗುತ್ತದೆ (7:16, 11:14, 14:11). ಮೋಶೆ ಸಮುವೇಲರು ಬಂದು ನಿಂತರೂ ಮನಸ್ಸು ಕರಗದು ಎಂದು 15:1ರಲ್ಲಿ ದೇವರು ಹೇಳುತ್ತಾನೆ. ವಶೀಲಿಯ ತರ್ಕಕ್ಕೆ ಇದಕ್ಕಿಂತ ನೇರವಾದ ತಡೆ ಬೇರೆಯಿಲ್ಲ. ಅನ್ಯಾಯ ಬಿಡದ ಊರಿಗೆ ಯಾವ ದೊಡ್ಡವರ ಶಿಫಾರಸೂ ನಡೆಯದು. ಅದೇ ಯೆರೆಮೀಯ ಸೆರೆಹೋದವರಿಗೆ ಪತ್ರ ಬರೆದು ಬಾಬೆಲಿನ ಕ್ಷೇಮಕ್ಕಾಗಿ ಬೇಡಿರಿ ಎನ್ನುತ್ತಾನೆ (29:7). ಸ್ವಂತ ಊರಿಗಾಗಿ ಬೇಡುವುದು ನಿಷೇಧ, ಗೆದ್ದ ಶತ್ರುವಿನ ಊರಿಗಾಗಿ ಬೇಡುವುದು ಅಪ್ಪಣೆ.

ಮಾಳಿಗೆ ಅಗೆದವರು, ಶಿಫಾರಸು ತಂದವರು

ಹೊಸ ಒಡಂಬಡಿಕೆಯಲ್ಲಿ ಪರಾರ್ಥ ಪ್ರಾರ್ಥನೆಯ ಅತಿ ಒಳ್ಳೆಯ ಚಿತ್ರದಲ್ಲಿ ಪ್ರಾರ್ಥನೆಯ ಮಾತೇ ಇಲ್ಲ. ಮಾರ್ಕ 2ರಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಸಂದಣಿಯಿಂದ ಬಾಗಿಲು ಸಿಗದೆ, ಮಾಳಿಗೆ ಹತ್ತಿ ಅಗೆದು ಕೆಳಗಿಳಿಸುತ್ತಾರೆ. ಲೂಕನು ಹೆಂಚುಗಳ ನಡುವಿನಿಂದ ಇಳಿಸಿದರೆಂದು ಬರೆದರೆ, ಮಾರ್ಕನು ಅಗೆದರೆಂದೇ ಬರೆಯುತ್ತಾನೆ. ಮಣ್ಣಿನ ಮಾಳಿಗೆಯ ಮನೆಗಳ ಬೀದರ ಸೀಮೆಯವರಿಗೆ ಮಾರ್ಕನ ಚಿತ್ರ ಚೆನ್ನಾಗಿ ಗೊತ್ತು: ತೊಲೆ, ಜಂತೆ, ಮೇಲೆ ಕಟ್ಟಿಗೆ, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಅಗೆದರೆ ಕೆಳಗಿದ್ದವರ ತಲೆಯ ಮೇಲೆಲ್ಲ ಮಣ್ಣು, ಮಳೆಗಾಲದೊಳಗೆ ಮತ್ತೆ ಮಣ್ಣು ಹಾಕಿ ಬಡಿಯಬೇಕು. ಅವರ ನಂಬಿಕೆಯನ್ನು ಕಂಡು ಯೇಸು ಮಾತಾಡಿದನೆಂದು ಕಥೆ ಹೇಳುತ್ತದೆ. ರೋಗಿಯೊಬ್ಬನ ನಂಬಿಕೆ ಎನ್ನದೆ ‘ಅವರ’ ಎನ್ನುತ್ತದೆ. ನಾಲ್ವರ ಹೆಸರು, ಕುಲ, ಕಸುಬು ಯಾವುದೂ ಇಲ್ಲ.

ಶಿಫಾರಸಿನ ದೃಶ್ಯವನ್ನು ಲೂಕನು ಬೇಕೆಂದೇ ರಂಗಕ್ಕೆ ತರುತ್ತಾನೆ. ಕಪೆರ್ನೌಮಿನ ರೋಮನ್ ಶತಾಧಿಪತಿಯ ಆಳಿಗೆ ಕಾಯಿಲೆ. ಮತ್ತಾಯನ ಪ್ರಕಾರ ಅಧಿಕಾರಿ ತಾನೇ ಬಂದು ಕೇಳುತ್ತಾನೆ. ಲೂಕ 7ರಲ್ಲಿ ಯೆಹೂದ್ಯರ ಹಿರಿಯರು ಬರುತ್ತಾರೆ: ಈತ ಯೋಗ್ಯ, ನಮ್ಮ ಜನವನ್ನು ಪ್ರೀತಿಸುತ್ತಾನೆ, ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ. ದಾನದ ಪಟ್ಟಿಯೊಂದಿಗೆ ಬಂದ ಈ ಶಿಫಾರಸಿಗೆ ಯೇಸು ಹೊರಡುತ್ತಾನೆ. ಆದರೆ ಮನೆ ಇನ್ನೇನು ಹತ್ತಿರ ಬಂತು ಎನ್ನುವಾಗ ಆ ಅಧಿಕಾರಿಯೇ ಗೆಳೆಯರನ್ನು ಕಳಿಸಿ, ನೀನು ನನ್ನ ಸೂರಿನಡಿ ಬರುವಷ್ಟು ಯೋಗ್ಯನಲ್ಲ ನಾನು ಎಂದು ಹೇಳಿಸುತ್ತಾನೆ. ತನ್ನ ಪರವಾಗಿ ಹೋದ ವಶೀಲಿಯನ್ನು ಅವನೇ ವಾಪಸು ಪಡೆದ. ಯೇಸು ಮೆಚ್ಚಿದ್ದು ಈ ಮಾತನ್ನು. ಇನ್ನೊಂದು ಕಡೆ, ಮಾರ್ಕ 7ರಲ್ಲೂ ಮತ್ತಾಯ 15ರಲ್ಲೂ, ಮಗಳಿಗಾಗಿ ಬೇಡಲು ಬಂದ ಪರಕುಲದ ತಾಯಿಗೆ ಯಾರ ಶಿಫಾರಸೂ ಇಲ್ಲ, ಮತ್ತಾಯನಲ್ಲಿ ಶಿಷ್ಯರಂತೂ ಅವಳನ್ನು ಕಳಿಸಿಬಿಡು ಎನ್ನುತ್ತಾರೆ. ಯೇಸುವಿನ ಕಟುವಾದ ಮಾತಿಗೆ ಅವಳು ಎದುರು ಮಾತಾಡಿ ಗೆಲ್ಲುತ್ತಾಳೆ. ಉಪವಾಸ ಪ್ರಾರ್ಥನೆಗಳಲ್ಲಿ ಮಕ್ಕಳಿಗಾಗಿ ಬೇಡುವ ಹೆಂಗಸರೇ ಹೆಚ್ಚಾಗಿರುವ ನಮ್ಮ ಸಭೆಗಳಲ್ಲಿ ಈ ತಾಯಿಯ ಕಥೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ದೂರು.

ಮಧ್ಯಸ್ಥನೊಬ್ಬನೇ, ಬೇಡುವವರು ಎಲ್ಲರೂ

ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ ಪ್ರಾಟೆಸ್ಟಂಟರ ಕೈಯ ಆಯುಧ. ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಕ್ರಿಸ್ತನೊಬ್ಬನೇ ಎಂಬ ಐದನೆಯ ವಚನವನ್ನು ಸಂತರ ಮಧ್ಯಸ್ಥಿಕೆಯ ವಿರುದ್ಧ ಝಳಪಿಸುತ್ತಾರೆ. ಅದೇ ಅಧ್ಯಾಯದ ಮೊದಲೆರಡು ವಚನಗಳಲ್ಲಿ ಅರಸರನ್ನೂ ಸೇರಿಸಿ ಎಲ್ಲರಿಗಾಗಿ ವಿಜ್ಞಾಪನೆ ಮಾಡಿರಿ ಎಂದಿದೆಯಲ್ಲ ಎಂದು ಕಥೋಲಿಕರು ತಿರುಗಿ ಕೇಳುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ಮರಿಯಮ್ಮನವರ ಪಾತ್ರ ಕ್ರಿಸ್ತನ ಏಕೈಕ ಮಧ್ಯಸ್ಥಿಕೆಯನ್ನು ಮಸುಕುಗೊಳಿಸುವುದಿಲ್ಲ ಎಂದು ವಿವರಿಸಿತು. ಈ ಜಗಳದಲ್ಲಿ ಪಕ್ಷ ಹಿಡಿಯುವುದು ಇಲ್ಲಿ ಬೇಕಿಲ್ಲ. ಒಂದನೆಯ ಮತ್ತು ಐದನೆಯ ವಚನಗಳನ್ನು ಒಟ್ಟಿಗೆ ಓದಿದರೆ ಸಾಕು: ಮಧ್ಯಸ್ಥನ ಸ್ಥಾನ ಭರ್ತಿಯಾಗಿದೆ, ಆದ್ದರಿಂದ ಉಳಿದವರೆಲ್ಲ ಸಮಾನರಾಗಿ ಬೇಡಬಹುದು. ಊರಿನ ಪ್ರಾರ್ಥನಾವೀರರಿಗೆ ಅಲ್ಲಿ ಖಾಲಿ ಹುದ್ದೆ ಇಲ್ಲ.

ಪೌಲನ ರೂಢಿ ಇದನ್ನು ಗಟ್ಟಿಮಾಡುತ್ತದೆ. ಅವನು ಸಭೆಗಳಿಗಾಗಿ ಬೇಡುವುದಷ್ಟೇ ಅಲ್ಲ, ಅವರಿಂದ ಪ್ರಾರ್ಥನೆಯನ್ನು ಬೇಡುತ್ತಾನೆ. ಥೆಸಲೋನಿಕ, ಕೊರಿಂಥದವರಿಂದ ಕೇಳುತ್ತಾನೆ, ಇನ್ನೂ ಮುಖ ನೋಡದ ರೋಮಾಪುರದವರಿಂದಲೂ ಕೇಳುತ್ತಾನೆ. ರೋಮಾಪುರದವರಿಗೆ 15:30–32ರಲ್ಲಿ ಅವನ ಕೋರಿಕೆಗಳು ನಿಖರವಾಗಿವೆ: ಯೂದಾಯದ ವಿರೋಧಿಗಳಿಂದ ತಪ್ಪಿಸಿಕೊಳ್ಳಬೇಕು, ತಾನು ಒಯ್ಯುವ ಸಹಾಯಧನ ಅಲ್ಲಿನವರಿಗೆ ಒಪ್ಪಿಗೆಯಾಗಬೇಕು, ಆಮೇಲೆ ಸಂತೋಷದಿಂದ ರೋಮಿಗೆ ಬರಬೇಕು. ಮುಂದಿನದು ಅಪೊಸ್ತಲರ ಕೃತ್ಯಗಳಲ್ಲಿದೆ. ಯೆರೂಸಲೇಮಿನಲ್ಲಿ ಬಂಧನ, ಕೈಸರೈಯದಲ್ಲಿ ಎರಡು ವರ್ಷ ಸೆರೆ, ಹಡಗು ಒಡೆದ ಪಯಣ, ಕೊನೆಗೆ ಕೈದಿಯಾಗಿ ರೋಮು. ಬೇಡಿಕೆ ನಡೆಯಿತೆ? ಜೀವ ಉಳಿಯಿತು, ರೋಮು ಸಿಕ್ಕಿತು, ಸಂಕೋಲೆಯೂ ಸಿಕ್ಕಿತು. ಅದೇ ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ ಸಭೆ ಬೇಡಿದಾಗ ಪೇತ್ರ ಸೆರೆಯಿಂದ ಬಿಡುಗಡೆಯಾದ. ಕೆಲವೇ ವಚನ ಹಿಂದೆ ಯೋಹಾನನ ಅಣ್ಣ ಯಾಕೋಬನನ್ನು ಹೆರೋದ ಕತ್ತಿಯಿಂದ ಕೊಲ್ಲಿಸಿದ್ದ. ಅವನಿಗಾಗಿ ಯಾರೂ ಬೇಡಿರಲಿಲ್ಲವೆ? ಲೂಕ ವಿವರಣೆ ಕೊಡುವುದಿಲ್ಲ. ಎರಡನ್ನೂ ಪಕ್ಕಪಕ್ಕ ಬರೆದ ಅವನ ಪ್ರಾಮಾಣಿಕತೆ ಇಂದಿನ ಸಾಕ್ಷಿಕೂಟಗಳಿಗೆ ಬಂದರೆ ಒಳ್ಳೆಯದು.

ಬೇಡಿಕೆ ನಡೆಯಿತೆ ಎಂಬ ಇದೇ ಪ್ರಶ್ನೆಯನ್ನು ಆಸ್ಪತ್ರೆಗಳಲ್ಲೂ ಕೇಳಿದ್ದುಂಟು. ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ 6 ಆಸ್ಪತ್ರೆಗಳ 1802 ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ಪ್ರಾರ್ಥನೆಯ ಫಲವನ್ನು ಅಳೆದರು. ಅಪರಿಚಿತರು ಮಾಡಿದ ಪ್ರಾರ್ಥನೆಯಿಂದ ಲಾಭ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದವರಲ್ಲಿ ತೊಡಕುಗಳು ಶೇ. 59, ಖಚಿತವಿಲ್ಲದೆಯೂ ಪ್ರಾರ್ಥನೆ ಪಡೆದವರಲ್ಲಿ ಶೇ. 52. ಕೆಲವರು ಇದನ್ನು ಧರ್ಮದ ಸೋಲೆಂದರು. ಪೂರ್ತಿ ಹೆಸರೂ ಗೊತ್ತಿಲ್ಲದ, ಎಂದೂ ಕಾಣದ ರೋಗಿಗಾಗಿ ಬರೆದುಕೊಟ್ಟ ಸಾಲು ಹೇಳುವುದು ಮಾಳಿಗೆ ಅಗೆದವರ ಕೆಲಸದ ಅಳತೆಯಾಗಲಾರದು. ಪ್ರಯೋಗ ಅಳೆದದ್ದು ದೂರದ ವಶೀಲಿಯನ್ನು. ಅದು ಫಲಿಸಲಿಲ್ಲ ಎಂಬುದರ ಬಗ್ಗೆ ನನಗೆ ತಕರಾರಿಲ್ಲ.

ಯಾಕೋಬನ ಪತ್ರ ಮತ್ತು ಮಳೆ

ನಮ್ಮ ಹಳ್ಳಿ ಸಭೆಗಳಲ್ಲಿ ಈ ವಿಷಯಕ್ಕೆ ಹೆಚ್ಚು ಬಳಕೆಯಾಗುವ ಪಾಠ ಯಾಕೋಬ 5:14. ರೋಗಿ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಇದನ್ನು ಓದಿ ಪಾಸ್ಟರು ಎಣ್ಣೆ ಹಚ್ಚುತ್ತಾರೆ, ಓದು ಅಲ್ಲಿಗೆ ನಿಲ್ಲುತ್ತದೆ. ಪಠ್ಯ ಹಾಗೆ ನಿಲ್ಲುವುದಿಲ್ಲ. ಮೊದಲಿಗೆ, ಕರೆಸಬೇಕಾದ್ದು ಹಿರಿಯರನ್ನು, ಒಬ್ಬನನ್ನಲ್ಲ. ಎರಡು ವಚನ ಮುಂದೆ ಹೋದರೆ ಹಿರಿಯರೂ ಹಿಂದೆ ಸರಿದು, ಒಬ್ಬರಿಗೊಬ್ಬರು ತಪ್ಪು ಒಪ್ಪಿಕೊಂಡು ಒಬ್ಬರಿಗಾಗಿ ಒಬ್ಬರು ಬೇಡಿರಿ ಎಂದು ಎಲ್ಲರಿಗೂ ಹೇಳಿಕೆ ಬರುತ್ತದೆ. ಬೇಡುವವನು ಮೊದಲು ತನ್ನ ತಪ್ಪನ್ನು ನೆರೆಯವನ ಮುಂದೆ ಬಿಚ್ಚಿಡಬೇಕು. ವಶೀಲಿಗಾರ ಮಾಡಲಾರದ ಕೆಲಸ ಇದೊಂದೇ.

ನೀತಿವಂತನ ಪ್ರಾರ್ಥನೆಗೆ ಬಲ ಬಹಳ ಎಂಬ ಮುಂದಿನ ಮಾತು ಮತ್ತೆ ವಶೀಲಿಗೆ ಬಾಗಿಲು ತೆರೆಯುವಂತೆ ಕಾಣುತ್ತದೆ. ಅದನ್ನು ಮುಚ್ಚಲೆಂದೇ ಎಂಬಂತೆ ಯಾಕೋಬನು ಎಲೀಯನನ್ನು ಕರೆತರುತ್ತಾನೆ. ಬರ ಬೀಳಿಸಿ, ಮಳೆ ತರಿಸಿ, ಸುಂಟರಗಾಳಿಯಲ್ಲಿ ಮೇಲೆ ಹೋದವನು. ಸಂತಪದವಿಗೆ ಅವನಿಗಿಂತ ಅರ್ಹರಿಲ್ಲ. ಯಾಕೋಬನು ಅವನ ಬಗ್ಗೆ ಹೇಳುವ ಮೊದಲ ಸಂಗತಿ ಅವನೂ ನಮ್ಮಂಥ ಸ್ವಭಾವದ ಮನುಷ್ಯ ಎಂಬುದು. ಇಲ್ಲಿ ಅವನು ಹಳೆಯ ಕಥೆಯನ್ನು ತುಸು ತಿದ್ದಿ ಹೇಳುತ್ತಿದ್ದಾನೆ. ಅರಸುಗಳ ಮೊದಲ ಪುಸ್ತಕದಲ್ಲಿ ಮಳೆ ನಿಲ್ಲಲೆಂದು ಎಲೀಯನು ಬೇಡಿದ ಮಾತಿಲ್ಲ, ಮಳೆ ಬರುವುದಿಲ್ಲ ಎಂದು ಅವನು ಸಾರುತ್ತಾನಷ್ಟೆ. ಮಳೆ ಮರಳುವುದು ಮೂರನೆಯ ವರ್ಷದಲ್ಲಿ ಎಂದು 18:1 ಹೇಳಿದರೆ, ಯಾಕೋಬನಲ್ಲಿ ಅದು ಮೂರೂವರೆ ವರ್ಷ. ಯೇಸುವಿನ ಬಾಯಲ್ಲಿ ಲೂಕ 4:25ರಲ್ಲೂ ಅದೇ ಲೆಕ್ಕ, ಅಂದರೆ ಆ ಕಾಲದ ಬಾಯಿಮಾತಿನ ಪರಂಪರೆ. ಕಾರ್ಮೆಲ್ ಬೆಟ್ಟದ ಮೇಲೆ ಎಲೀಯನು ಮೊಣಕಾಲ ನಡುವೆ ತಲೆಯಿಟ್ಟು ಕೂತು, ಆಳನ್ನು ಏಳು ಸಲ ಸಮುದ್ರದ ಕಡೆ ನೋಡಲು ಕಳಿಸಿದ ಚಿತ್ರವನ್ನು ಯಾಕೋಬನು ಪ್ರಾರ್ಥನೆಯೆಂದೇ ಓದಿದ, ಸರಿಯಾಗಿಯೇ ಓದಿದ.

ಅಷ್ಟೂರಿನ ಕಥೆಯನ್ನು ಇದರ ಪಕ್ಕದಲ್ಲಿಡಬೇಕು. ಎರಡರಲ್ಲೂ ಬರ, ಎತ್ತರದ ಜಾಗ, ಒಬ್ಬ ಬೇಡುವವ, ಮಳೆ. ಒಂದರಲ್ಲಿ ಮಳೆ ಬಂದ ಮೇಲೆ ಬೇಡಿದವನು ಜನರಿಗಿಂತ ಮೇಲಾದ. ಇನ್ನೊಂದರಲ್ಲಿ ಆಗಲೇ ಮೇಲಿದ್ದ ಪ್ರವಾದಿಯನ್ನು ಪತ್ರಕಾರ ಕೆಳಗಿಳಿಸಿ, ಕಾಯಿಲೆ ಬಿದ್ದವರ, ತಪ್ಪೊಪ್ಪಿಕೊಂಡವರ ಸಾಲಿನಲ್ಲಿ ಕೂರಿಸಿದ. ವಲಿಯ ಪರಂಪರೆಯನ್ನು ಹಗುರ ಮಾಡಲು ಇದನ್ನು ಹೇಳುತ್ತಿಲ್ಲ. ಜಾತಿ ಮತಗಳ ಗೋಡೆ ದಾಟಿ ಜನ ಸೇರುವ ಜಾಗ ಅದು, ಅಂಥವು ಉಳಿಯಬೇಕು. ಆದರೆ ಬೈಬಲು ತುಳಿದ ದಾರಿ ಬೇರೆ ಎಂಬುದನ್ನು ಈ ಹೋಲಿಕೆ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಸಭೆಗಳ ರೂಢಿ

ಒಬ್ಬರಿಗಾಗಿ ಒಬ್ಬರು ಬೇಡುವ ಈ ದಾರಿಗೆ ಮೆಥಡಿಸ್ಟ್ ಪರಂಪರೆಯೊಳಗೇ ಆಸರೆಯಿದೆ. ಜಾನ್ ವೆಸ್ಲಿಯ ‘ಕ್ಲಾಸ್ ಮೀಟಿಂಗ್’ 1742ರಲ್ಲಿ ಬ್ರಿಸ್ಟಲಿನಲ್ಲಿ ಶುರುವಾದದ್ದು ಪ್ರಾರ್ಥನಾಮಂದಿರದ ಸಾಲ ತೀರಿಸಲು. ಹನ್ನೆರಡು ಮಂದಿಯ ಗುಂಪು, ವಾರಕ್ಕೊಂದು ಪೆನ್ನಿ, ಅದನ್ನು ಎತ್ತಲು ಒಬ್ಬ ಮುಖಂಡ. ಹಣ ಎತ್ತಲು ಮನೆಗೆ ಹೋದವನಿಗೆ ಮನೆಯವರ ಕಷ್ಟ ತಿಳಿಯಿತು, ವಸೂಲಿಯ ಗುಂಪು ಪರಸ್ಪರ ಪ್ರಾರ್ಥನೆಯ ಗುಂಪಾಯಿತು. ಗಣಿಗಾರರೂ ನೇಕಾರರೂ ಮನೆಗೆಲಸದ ಹೆಂಗಸರೂ ಅಲ್ಲಿ ಒಬ್ಬರಿಗಾಗಿ ಒಬ್ಬರು ಬಾಯಿಬಿಟ್ಟು ಬೇಡಲು ಕಲಿತರು. ಬೀದರಿನ ಹಳ್ಳಿಗಳಲ್ಲಿ ಪ್ರಾರ್ಥನಾ ವಿಷಯ ಹೇಳುವ ಹೊತ್ತು ಇದರ ದೂರದ ಸಂತಾನ. ಎಣ್ಣೆಯ ಬಾಟಲಿ ಹಿಡಿದ ಒಬ್ಬನ ಸುತ್ತ ಸಾಲುಗಟ್ಟುವುದು ಇತ್ತೀಚಿನದು, ಬೇರೆ ಬೇರಿನದು.

ಪಿ. ವೈ. ಲೂಕ್ ಮತ್ತು ಜಾನ್ ಕಾರ್ಮನ್ 1968ರಲ್ಲಿ ಪ್ರಕಟಿಸಿದ, ಪಕ್ಕದ ಮೆದಕ ಸೀಮೆಯ ಹಳ್ಳಿ ಕ್ರೈಸ್ತರ ಅಧ್ಯಯನ ಇಂದಿಗೂ ಈ ಪ್ರದೇಶದ ಬಗ್ಗೆ ಇರುವ ಒಳ್ಳೆಯ ಕೆಲಸ. ಊರ ಹಬ್ಬಗಳಲ್ಲೂ ಪಾಲುಗೊಳ್ಳುವ, ಕಾಯಿಲೆ ಕಸಾಲೆಗಳಲ್ಲಿ ದೇವರ ಬಲವನ್ನು ಕಾಣುವ ಜನರ ಬದುಕನ್ನು ಅದು ತಾತ್ಸಾರವಿಲ್ಲದೆ ಬರೆಯಿತು. ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ಬೆಳೆದ ದಲಿತ ದೇವಶಾಸ್ತ್ರ ನೋವುಂಡ ದೇವರ ಬಗ್ಗೆ ಆಳವಾಗಿ ಯೋಚಿಸಿತು. ಆದರೆ ನೋವುಂಡವರೇ ಇನ್ನೊಬ್ಬರಿಗಾಗಿ, ಕೆಲವೊಮ್ಮೆ ನೋಯಿಸಿದವರಿಗಾಗಿಯೂ, ಬೇಡುವ ಮಾತುಗಳನ್ನು ಪಠ್ಯವಾಗಿ ಎತ್ತಿಕೊಂಡು ಓದುವ ಕೆಲಸ ಕನ್ನಡದಲ್ಲಿ ಬೆಳೆಯಬೇಕಾಗಿದೆ. ಗ್ರೀನ್‌ಬರ್ಗ್ ಹೀಬ್ರೂ ಗದ್ಯ ಪ್ರಾರ್ಥನೆಗಳಿಗೆ ಕೊಟ್ಟ ಗಮನವನ್ನು ಮನ್ನಳ್ಳಿ, ಭಾಲ್ಕಿ, ಔರಾದಗಳ ಬಾಯಿಮಾತಿನ ಪ್ರಾರ್ಥನೆಗಳಿಗೂ ಕೊಡಬಹುದು. ದಖನಿ ಉರ್ದು, ಮರಾಠಿ, ತೆಲುಗು ಬೆರೆತ ಆ ಕನ್ನಡದಲ್ಲಿ ದೇವರನ್ನು ಹೇಗೆ ಕರೆಯುತ್ತಾರೆ, ಯಾವ ಕಾರಣ ಒಡ್ಡುತ್ತಾರೆ, ಯಾರ ಹೆಸರು ಮೊದಲು ಬರುತ್ತದೆ ಎಂಬುದು ಭಾಷಾಶಾಸ್ತ್ರಕ್ಕೂ ದೇವಶಾಸ್ತ್ರಕ್ಕೂ ಒಟ್ಟಿಗೆ ಬೇಕಾದ ಸಾಮಗ್ರಿ. ಹಾಗೆ ಬೇಡುವ ಹಿರಿಯ ಹೆಂಗಸರಲ್ಲಿ ಅನೇಕರಿಗೆ ಓದುಬರಹವಿಲ್ಲ, ಅವರ ಮಾತು ಎಲ್ಲೂ ಬರಹಕ್ಕಿಳಿದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜೂ ಕೂಡಿ, ಅವರ ಒಪ್ಪಿಗೆ ಪಡೆದು, ಕಷ್ಟ ಹೇಳಿಕೊಂಡವರ ಹೆಸರು ಮರೆಮಾಡಿ, ಈ ಪ್ರಾರ್ಥನೆಗಳನ್ನು ಧ್ವನಿಮುದ್ರಿಸುವ ಕೆಲಸಕ್ಕೆ ಕೈಹಾಕಬೇಕು.